ಹಳ್ಳಿ ಕಡೆಯ ಚಿಕ್ಕ ಕಾಲೇಜು ನಿಮಗೆ ಹೊಂದುತ್ತದಾ? ಕಾಸರಗೋಡಿನ ಕನ್ನಡ ಮಕ್ಕಳಿಗೂ ಹೆತ್ತವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಪ್ಲಸ್ ಟು ರಿಸಲ್ಟ್ ಬಂದ ಕೂಡಲೇ ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಮಗಳನ್ನು ಮಂಗಳೂರಿಗೆ ಕಳಿಸುವುದಾ, ಇಲ್ಲೇ ಹತ್ತಿರದ ಕಾಲೇಜಿಗೆ ಸೇರಿಸುವುದಾ? ಹೆಚ್ಚಿನ ಸಲ ಕಾಲೇಜಿನ ಹೆಸರು ಕೇಳಿಯೇ ತೀರ್ಮಾನ ಆಗಿಬಿಡುತ್ತದೆ. ಪೇಟೆಯ ದೊಡ್ಡ ಕಾಲೇಜಾದರೆ ಸರಿ. ಗುಡ್ಡದ ಮೇಲೆ ನಾಲ್ಕೈದು ವಿಭಾಗ ಇರುವ ಕಾಲೇಜಾದರೆ "ಎಲ್ಲೂ ಸೀಟ್ ಸಿಗದವರು ಹೋಗುವ ಜಾಗ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಆರ್ಟ್ಸ್ ಓದುವ ಮಕ್ಕಳಿಗೆ ಚಿಕ್ಕ ಕಾಲೇಜಿನಲ್ಲಿ ಸಿಗುವ ಒಂದು ಲಾಭ ದೊಡ್ಡ ಕಡೆ ಸಿಗುವುದು ಕಷ್ಟ. ತರಗತಿಯಲ್ಲಿ ಮಕ್ಕಳು ಕಡಿಮೆ. ಹಾಗಾಗಿ ನೀವು ಬರೆದದ್ದನ್ನು ಮೇಷ್ಟ್ರು ಓದಿ, ಎಲ್ಲಿ ಎಡವಿದ್ದೀರಿ ಎಂದು ಹೇಳುವಷ್ಟು ಸಮಯ ಅಲ್ಲಿರುತ್ತದೆ. ಇತಿಹಾಸವೋ ಅರ್ಥಶಾಸ್ತ್ರವೋ ಕನ್ನಡವೋ, ಕಲಿಕೆ ನಡೆಯುವುದು ಹೀಗೆಯೇ. ಆದರೆ ಎಲ್ಲ ಚಿಕ್ಕ ಕಾಲೇಜಿನಲ್ಲೂ ಇದು ನಡೆಯುವುದಿಲ್ಲ. ನೀವು ಸೇರಬೇಕೆಂದಿರುವ ಕಡೆ ನಡೆಯುತ್ತದಾ ಎಂದು ಸೇರುವ ಮೊದಲೇ ಪತ್ತೆ ಮಾಡಬಹುದು. ಅದಕ್ಕೆ ಏನೇನು ಮಾಡಬೇಕು ಎಂಬುದು ಇಲ್ಲಿದೆ.

ಮೊದಲ ಹೆಜ್ಜೆ: ಡಿಗ್ರಿ ಆದ ಮೇಲೆ ಏನು, ಒಂದು ಹಾಳೆಯಲ್ಲಿ ಬರೆಯಿರಿ

ಇದನ್ನು ಮಕ್ಕಳೇ ಬರೆಯಬೇಕು, ಅಪ್ಪ ಅಮ್ಮ ಅಲ್ಲ. ದೊಡ್ಡ ಕನಸು ಬೇಡ, ಮುಂದಿನ ಮೆಟ್ಟಿಲು ಸಾಕು. ಯಾಕೆಂದರೆ ಮೆಟ್ಟಿಲು ಯಾವುದು ಎನ್ನುವುದರ ಮೇಲೆ ಕಾಲೇಜು ಬದಲಾಗುತ್ತದೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ಆಗಬೇಕಾ? ಹೈಸ್ಕೂಲಿಗೆ ಡಿಗ್ರಿ, ಬಿ.ಎಡ್., ಆಮೇಲೆ ಕೆ-ಟೆಟ್ (ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ). ಪ್ಲಸ್ ಟು ತರಗತಿಗಾದರೆ ಎಂ.ಎ., ಬಿ.ಎಡ್. ಮತ್ತು ಸೆಟ್ (ಪ್ಲಸ್ ಟು ಅಧ್ಯಾಪಕರ ಅರ್ಹತಾ ಪರೀಕ್ಷೆ). ಕೇರಳ ಪಿಎಸ್‌ಸಿ ಮೂಲಕ ಕಚೇರಿ ಕೆಲಸಕ್ಕೆ ಹೋಗಬೇಕಾ? ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ನಮ್ಮ ಜಿಲ್ಲೆಯಲ್ಲಿ ಕೆಲವು ಹುದ್ದೆಗಳಿವೆ. ಹಾಗಾಗಿ ಮಲಯಾಳ ಓದಿ ಬರೆಯಲು ಬರುವುದು ಇಲ್ಲಿ ದೊಡ್ಡ ಬಂಡವಾಳ. ಎಂ.ಎ. ಮಾಡಿ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆದು ಕಾಲೇಜಿನಲ್ಲಿ ಕಲಿಸಬೇಕಾ? ಆಗ ಡಿಗ್ರಿಯಲ್ಲಿ ನಿಮ್ಮ ವಿಷಯವನ್ನು ಆಳವಾಗಿ ಕಲಿಸುವವರು ಬೇಕೇ ಬೇಕು. ಬೆಂಗಳೂರಿನ ಕಂಪನಿ ಕೆಲಸವೇ ಗುರಿಯಾದರೆ ಲೆಕ್ಕ ಬೇರೆ. ಕ್ಯಾಂಪಸ್ಸಿಗೆ ಕಂಪನಿಗಳು ಬರುವುದು ಹಳ್ಳಿ ಕಡೆ ಕಡಿಮೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇನ್ನೂ ಏನೂ ಗೊತ್ತಿಲ್ಲ ಎಂದಾದರೆ ಹಾಗೆಯೇ ಬರೆಯಿರಿ. ಹದಿನೆಂಟನೇ ವಯಸ್ಸಿಗೆ ಅದು ತಪ್ಪೇನಲ್ಲ. ಆದರೆ ಅಂಥವರು ವಿಭಾಗಗಳು ತುಸು ಜಾಸ್ತಿ ಇರುವ ಕಾಲೇಜನ್ನೇ ನೋಡುವುದು ಒಳ್ಳೆಯದು. ಕಾರಣ ಮೂರನೇ ಹೆಜ್ಜೆಯಲ್ಲಿದೆ.

ಎರಡನೇ ಹೆಜ್ಜೆ: ಯಾವ ಯಾವ ಕಾಲೇಜು ಇದೆ ಎಂದು ಪೂರ್ತಿ ನೋಡಿ

ನಮ್ಮ ಜಿಲ್ಲೆಯ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ವಿದ್ಯಾನಗರದ ಸರಕಾರಿ ಕಾಲೇಜು 1957ರದ್ದು, ಎಂ.ಎ. ಕನ್ನಡದವರೆಗೂ ಅಲ್ಲಿದೆ. ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು 1980ರಲ್ಲಿ ಶುರುವಾದದ್ದು. ಚಿಕ್ಕದು, ಆದರೆ ಕನ್ನಡ ಬಿ.ಎ. ಇದೆ. ದಕ್ಷಿಣಕ್ಕೆ ಹೋದರೆ ಕಾಞಂಗಾಡಿನ ನೆಹರೂ ಕಾಲೇಜು, ಗುಡ್ಡಗಾಡಿನ ಕಡೆ ರಾಜಪುರದ ಸೇಂಟ್ ಪಯಸ್, ಎಳೇರಿತಟ್ಟಿನ ಇ.ಕೆ. ನಾಯನಾರ್ ಸ್ಮಾರಕ ಸರಕಾರಿ ಕಾಲೇಜು. ಪೆರ್ಲದ ನಳಂದದಂತೆ ಸ್ವಂತ ಖರ್ಚಿನಲ್ಲಿ ನಡೆಯುವ ಕಾಲೇಜುಗಳೂ ಇವೆ.

ಸರಕಾರಿ, ಅನುದಾನಿತ, ಸ್ವಂತ ಖರ್ಚಿನದು, ಈ ಮೂರು ಬಗೆ ನೆನಪಿರಲಿ. ಸರಕಾರಿ ಮತ್ತು ಅನುದಾನಿತ ಕಾಲೇಜಿನಲ್ಲಿ ಫೀಸು ಕಡಿಮೆ, ಕಾಯಂ ಅಧ್ಯಾಪಕರಿಗೆ ಸರಕಾರದ ಸಂಬಳ. ಒಂದು ಎಚ್ಚರಿಕೆ: ಕೆಲವು ಅನುದಾನಿತ ಕಾಲೇಜಿನಲ್ಲಿ ಒಂದೆರಡು ಕೋರ್ಸ್ ಮಾತ್ರ ಸ್ವಂತ ಖರ್ಚಿನದಾಗಿರುತ್ತದೆ. ಬೋರ್ಡ್ ಒಂದೇ, ಫೀಸು ಬೇರೆ. ನೀವು ಸೇರುವ ಕೋರ್ಸ್ ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ.

ಮೂರನೇ ಹೆಜ್ಜೆ: ವಿಭಾಗಗಳ ಪಟ್ಟಿಯನ್ನು ಗಮನವಿಟ್ಟು ಓದಿ

2024-25ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮೂರು ವರ್ಷಕ್ಕೆ 133 ಕ್ರೆಡಿಟ್ (ಓದಿದ ಪೇಪರ್‌ಗಳನ್ನು ಅಳೆಯುವ ಲೆಕ್ಕ) ಮುಗಿಸಿ ಡಿಗ್ರಿ ತೆಗೆದುಕೊಂಡು ಹೊರಡಬಹುದು. ನಾಲ್ಕನೇ ವರ್ಷವೂ ಓದಿ 177 ಕ್ರೆಡಿಟ್ ಮಾಡಿದರೆ ಆನರ್ಸ್. ಕರ್ನಾಟಕ ಅದೇ ಹೊತ್ತಿಗೆ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮೂರು ವರ್ಷಕ್ಕೆ ವಾಪಸ್ ಹೋಯಿತು. ಗಡಿಯ ಎರಡೂ ಬದಿಯ ಕಾಲೇಜು ನೋಡುತ್ತಿರುವ ಮನೆಯವರಿಗೆ ಇದು ಮುಖ್ಯ. ನಾಲ್ಕು ವರ್ಷದ ಆನರ್ಸ್ ಮಾಡಿದವರಿಗೆ ಒಂದೇ ವರ್ಷದ ಎಂ.ಎ. ಮಾಡಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಜಾಗ ಇದೆ. ಮೂರು ವರ್ಷದವರಿಗೆ ಎಂ.ಎ. ಎರಡು ವರ್ಷ. ಒಟ್ಟು ವರ್ಷ ಸಮವೇ. ಆದರೆ ನೀವು ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯ ಒಂದು ವರ್ಷದ ಎಂ.ಎ. ನಡೆಸುತ್ತದಾ ಎಂದು ಮೊದಲೇ ವಿಚಾರಿಸಿ.

ಈಗ ಚಿಕ್ಕ ಕಾಲೇಜಿನ ವಿಷಯಕ್ಕೆ ಬರೋಣ. ಹೊಸ ಪದ್ಧತಿಯಲ್ಲಿ ಒಂದು ಮೇಜರ್ (ಮುಖ್ಯ) ವಿಷಯ, ಜೊತೆಗೆ ಮೈನರ್ (ಪೂರಕ) ವಿಷಯಗಳು, ಬೇರೆ ಶಾಖೆಯಿಂದ ಕೆಲವು ಪೇಪರ್. ಪ್ರಾಸ್ಪೆಕ್ಟಸ್ ಓದಿದರೆ ಇಡೀ ಲೋಕವೇ ತೆರೆದಂತೆ ಕಾಣುತ್ತದೆ. ಆದರೆ ಮೈನರ್ ಕೊಡುವುದು ಅದೇ ಕಾಲೇಜಿನ ವಿಭಾಗಗಳು. ಐದು ವಿಭಾಗದ ಕಾಲೇಜಿನಲ್ಲಿ ನಿಮ್ಮ ಆಯ್ಕೆ ಉಳಿದ ನಾಲ್ಕರಲ್ಲೇ. ಇತಿಹಾಸ ಮೇಜರ್ ತೆಗೆದುಕೊಂಡು ಜೊತೆಗೆ ರಾಜ್ಯಶಾಸ್ತ್ರ ಓದಬೇಕು ಅಂತ ನಿಮಗಿದ್ದು, ಆ ವಿಭಾಗವೇ ಅಲ್ಲಿಲ್ಲದಿದ್ದರೆ ಕಾಮರ್ಸ್ ಪೇಪರ್‌ನಲ್ಲಿ ಕೂರಬೇಕಾಗಬಹುದು.

ಮೇಜರ್ ಬದಲಿಸುವುದಕ್ಕೂ ಇದೇ ಮಿತಿ. ಮೊದಲ ವರ್ಷ ಮುಗಿದ ಮೇಲೆ ಬದಲಿಸಲು ಅವಕಾಶವಿದೆ, ಆದರೆ ಬೇಕಾದ ವಿಭಾಗ ಅಲ್ಲಿರಬೇಕು, ಸೀಟೂ ಖಾಲಿ ಇರಬೇಕು. ಏನು ಓದಬೇಕೆಂದು ಗಟ್ಟಿಯಾಗಿ ಗೊತ್ತಿರುವವರಿಗೆ ಚಿಕ್ಕ ಕಾಲೇಜು ಚೆನ್ನಾಗಿ ಹೊಂದುತ್ತದೆ. ಇನ್ನೂ ಹುಡುಕಾಟದಲ್ಲಿ ಇರುವವರಿಗೆ ಇಕ್ಕಟ್ಟಾಗಬಹುದು.

ನಾಲ್ಕನೇ ವರ್ಷ ಸಂಶೋಧನೆಯ ಆನರ್ಸ್ ಬೇಕೆಂದರೆ ಮೊದಲ ಆರು ಸೆಮಿಸ್ಟರಿನಲ್ಲಿ 75 ಶೇಕಡಾ ಅಂಕ ಬೇಕು. ಜೊತೆಗೆ ಪಿಎಚ್.ಡಿ. ಆದ ಮಾರ್ಗದರ್ಶಕರು ವಿಭಾಗದಲ್ಲಿ ಇರಬೇಕು. ಹಾಗಾಗಿ "ನಾಲ್ಕನೇ ವರ್ಷ ನಿಮ್ಮಲ್ಲೇ ನಡೆಯುತ್ತದಾ?" ಎಂಬ ಪ್ರಶ್ನೆಯನ್ನು ಅಡ್ಮಿಷನ್‌ಗೆ ಮೊದಲೇ ಕೇಳಿ.

ನಾಲ್ಕನೇ ಹೆಜ್ಜೆ: ಮನೆಯಲ್ಲೇ ಕೂತು ಕಾಗದಪತ್ರ ನೋಡಿ

ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ) ಗ್ರೇಡ್ ಇದ್ದರೆ ಅದು ಐದು ವರ್ಷಕ್ಕೊಮ್ಮೆ ಸಿಗುವಂಥದ್ದು. ಗ್ರೇಡ್‌ನ ಅಕ್ಷರಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಅದಕ್ಕಾಗಿ ಕಾಲೇಜು ಬರೆದುಕೊಟ್ಟ ಸ್ವಮೌಲ್ಯಮಾಪನ ವರದಿ ಮತ್ತು ವರ್ಷವರ್ಷದ ಗುಣಮಟ್ಟ ವರದಿ ಕಾಲೇಜಿನ ವೆಬ್‌ಸೈಟಿನಲ್ಲಿ ಇರುತ್ತವೆ. ಅದನ್ನು ಓದಿ. ನೂರಾರು ಪುಟ ಇದ್ದರೂ ನಿಮಗೆ ಬೇಕಾದದ್ದು ಮೂರೇ ಕಡೆ. ಎರಡನೇ ಮಾನದಂಡ ಎಂಬ ಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಪಿಎಚ್.ಡಿ. ಇರುವವರು ಎಷ್ಟು, ಎಷ್ಟು ಮಕ್ಕಳು ಪಾಸ್ ಎಂದಿರುತ್ತದೆ. ನಾಲ್ಕನೆಯದರಲ್ಲಿ ಲೈಬ್ರರಿ. ಐದನೆಯದರಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮುಂದೆ ಓದಲು ಹೋದವರು, ಕೆಲಸ ಸಿಕ್ಕಿದವರು ಎಷ್ಟು ಎಂಬ ಲೆಕ್ಕ.

ಈ ಐದನೆಯದೇ ನನ್ನ ಮಟ್ಟಿಗೆ ಹೆಚ್ಚು ಬೆಲೆಯದ್ದು. ಅಲ್ಲಿ ಯಾವ ವಿಭಾಗದವರು ಎಲ್ಲಿ ಎಂ.ಎ.ಗೆ ಸೇರಿದರು ಎಂಬ ವಿವರವೂ ಇದ್ದರೆ ನಿಮ್ಮ ವಿಭಾಗದ ಹೆಸರು ಹುಡುಕಿ. ವರ್ಷವರ್ಷವೂ ಒಬ್ಬಿಬ್ಬರಾದರೂ ಒಳ್ಳೆಯ ವಿಶ್ವವಿದ್ಯಾಲಯಕ್ಕೆ ಹೋಗಿದ್ದರೆ ಅಲ್ಲಿ ಯಾರೋ ಒಬ್ಬರು ಮಕ್ಕಳ ಬೆನ್ನು ಹತ್ತಿ ಅರ್ಜಿ ಹಾಕಿಸುತ್ತಿದ್ದಾರೆ ಎಂದೇ ಅರ್ಥ. ವರದಿಯೇ ಸಿಗದಿದ್ದರೆ, ಅಥವಾ ಕಾಲೇಜು ತೀರಾ ಹೊಸದಾಗಿದ್ದರೆ, ಇದನ್ನೇ ನೇರವಾಗಿ ಹೋಗಿ ಕೇಳಬೇಕಾಗುತ್ತದೆ.

ಐದನೇ ಹೆಜ್ಜೆ: ಕ್ಲಾಸ್ ನಡೆಯುವ ದಿನವೇ ಕಾಲೇಜಿಗೆ ಹೋಗಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಕೆಲಸ ಇದು. ಹೆಚ್ಚಿನವರು ಮಾಡದೇ ಬಿಡುವುದೂ ಇದನ್ನೇ. ಅಡ್ಮಿಷನ್ ದಿನ ಹೋದರೆ ಗಿಜಿಗಿಜಿ, ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ. ಸಾಧ್ಯವಾದರೆ ಪ್ಲಸ್ ಟು ಓದುತ್ತಿರುವಾಗಲೇ, ಮಾಮೂಲಿ ವಾರದ ದಿನ, ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಆಫೀಸಿನಲ್ಲಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಚಿಕ್ಕ ಕಾಲೇಜಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಮೊದಲು ವಿಭಾಗಕ್ಕೆ ಹೋಗಿ. ವಿಭಾಗದ ಮುಖ್ಯಸ್ಥರನ್ನು ಕಂಡು ಕೇಳಿ: "ಸರ್, ಇಲ್ಲಿ ಕಾಯಂ ಆಗಿ ಎಷ್ಟು ಜನ ಇದ್ದೀರಿ? ಗೆಸ್ಟ್ ಎಷ್ಟು?" ಇದು ಮುಜುಗರದ ಪ್ರಶ್ನೆ ಏನಲ್ಲ. ಯುಜಿಸಿ ನಿಯಮದ ಪ್ರಕಾರ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ವಾರಕ್ಕೆ 16 ಗಂಟೆ ನೇರ ಪಾಠ ಮಾಡಬೇಕು. ಮಕ್ಕಳೂ ಕೋರ್ಸೂ ಕಡಿಮೆ ಇರುವ ಕಡೆ ಆ ಲೆಕ್ಕಕ್ಕೆ ಬೇಕಾದಷ್ಟು ಪಾಠ ಇರುವುದಿಲ್ಲ. ಹಾಗಾಗಿ ಹುದ್ದೆ ಹುಟ್ಟುವುದಿಲ್ಲ, ಆ ಪಾಠಗಳನ್ನು ಗೆಸ್ಟ್ ಲೆಕ್ಚರರ್‌ಗಳು ತೆಗೆದುಕೊಳ್ಳುತ್ತಾರೆ. ಗೆಸ್ಟ್ ಆಗಿ ಬರುವವರಲ್ಲಿ ತುಂಬಾ ಚೆನ್ನಾಗಿ ಕಲಿಸುವ ಯುವಕ ಯುವತಿಯರಿದ್ದಾರೆ, ಅದರಲ್ಲಿ ಅನುಮಾನ ಬೇಡ. ತೊಂದರೆ ಇರುವುದು ನೇಮಕದಲ್ಲಿ. ಅವರ ನೇಮಕ ವರ್ಷದ್ದು. ಈ ವರ್ಷ ಕಲಿಸಿದವರು ಮುಂದಿನ ವರ್ಷ ಇನ್ನೊಂದು ಕಾಲೇಜಿನಲ್ಲಿರಬಹುದು. ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಹೋಗುತ್ತವೆ. ವಿಭಾಗದಲ್ಲಿ ಇಬ್ಬರಾದರೂ ಕಾಯಂ ಇದ್ದರೆ ಮೂರು ವರ್ಷದ ಕೊನೆಗೆ ನಿಮ್ಮನ್ನು ಬಲ್ಲವರು ಅಲ್ಲಿರುತ್ತಾರೆ. ಎಂ.ಎ.ಗೆ ಶಿಫಾರಸು ಪತ್ರ ಬೇಕಾದಾಗ ಅವರೇ ಬರೆಯಬೇಕಲ್ವಾ?

ಆಮೇಲೆ ಕಳೆದ ವರ್ಷದ ಪ್ರಾಜೆಕ್ಟ್‌ಗಳನ್ನು ತೋರಿಸಲು ಕೇಳಿ. ಒಂದು ವಿಭಾಗದ ಯೋಗ್ಯತೆ ಇದರಲ್ಲಿ ಗೊತ್ತಾಗುವಷ್ಟು ಬೇರೆ ಯಾವುದರಲ್ಲೂ ಗೊತ್ತಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆರ್ಟ್ಸ್ ಓದುವವರಿಗೆ ವಿಷಯಕ್ಕೆ ಬರ ಇಲ್ಲ. ಮುರಕಲ್ಲು ಗುಡ್ಡ ಕೊರೆದು ನೀರು ತರುವ ಸುರಂಗಗಳು ಇವೆ. ಅವನ್ನು ಕೊರೆದವರಲ್ಲಿ ಕೆಲವರು ಇನ್ನೂ ನಮ್ಮೂರುಗಳಲ್ಲಿದ್ದಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂಥ ಊರುಗಳ ಕಥೆ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದರೂ ಆ ಮನೆಗಳ ಕಷ್ಟ ಮುಗಿದಿಲ್ಲ. ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಒಂದೇ ಸಂತೆಯಲ್ಲಿ ಕೇಳುವ ಜಾಗ ಇದು. ತೆಯ್ಯಂ ಮತ್ತು ಭೂತಕೋಲ ಒಂದೇ ಜಿಲ್ಲೆಯಲ್ಲಿ ಅಕ್ಕಪಕ್ಕ ನಡೆಯುತ್ತವೆ. ಸಮಾಜಶಾಸ್ತ್ರ, ಇತಿಹಾಸ, ಭಾಷೆ ಓದುವ ಮಕ್ಕಳಿಗೆ ದೊಡ್ಡ ನಗರದ ಕಾಲೇಜೂ ಇಷ್ಟು ಹತ್ತಿರದಲ್ಲಿ ಇಷ್ಟೊಂದು ಕೊಡಲಾರದು.

ಪ್ರಾಜೆಕ್ಟಿನಲ್ಲಿ ಇಂಥ ವಿಷಯ ಇದೆಯಾ, ಮಕ್ಕಳೇ ಹೋಗಿ ಜನರನ್ನು ಮಾತಾಡಿಸಿ ಬರೆದಿದ್ದಾರಾ, ಅಂಚಿನಲ್ಲಿ ಮೇಷ್ಟ್ರ ಪೆನ್ನಿನ ಗುರುತು ಇದೆಯಾ ನೋಡಿ. ಇದ್ದರೆ ಆ ವಿಭಾಗ ಜೀವಂತ ಇದೆ. ಎಲ್ಲ ಪ್ರಾಜೆಕ್ಟೂ ಇಂಟರ್ನೆಟ್ಟಿನಿಂದ ಇಳಿಸಿ ಬೈಂಡ್ ಮಾಡಿದ್ದರೆ, ಕಾಲೇಜು ಎಷ್ಟು ದೊಡ್ಡದಾದರೂ ಆ ವಿಭಾಗಕ್ಕೆ ನಿಮ್ಮನ್ನು ಒಪ್ಪಿಸಬೇಡಿ.

ಲೈಬ್ರರಿಯಲ್ಲಿ ಕಪಾಟು ಎಣಿಸುತ್ತಾ ನಿಲ್ಲಬೇಡಿ. ನಿಮ್ಮ ವಿಷಯದ ಪುಸ್ತಕ ನಾಲ್ಕೈದು ತೆಗೆದು ಹಿಂದಿನ ಚೀಟಿಯಲ್ಲಿ ತಾರೀಕು ನೋಡಿ. ಇತ್ತೀಚೆಗೆ ಯಾರಾದರೂ ಮನೆಗೆ ಒಯ್ದಿದ್ದಾರಾ? ಕಂಪ್ಯೂಟರಿನಲ್ಲಿ ದಾಖಲೆ ಇಡುವ ಕಡೆ ಲೈಬ್ರೇರಿಯನ್ ಹತ್ತಿರ ಕೇಳಿದರಾಯಿತು. ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದೂ ಕೇಳಿ.

ಕೊನೆಗೆ ಬಸ್‌ ಸ್ಟಾಪಿಗೆ ಬನ್ನಿ. ಸೀನಿಯರ್ ಮಕ್ಕಳು ಅಲ್ಲಿ ಸಿಗುತ್ತಾರೆ, ಮನಸ್ಸು ಬಿಚ್ಚಿ ಮಾತಾಡುತ್ತಾರೆ. "ಅಕ್ಕಾ, ಇಂಟರ್ನಲ್ ಪೇಪರ್ ತಿದ್ದಿ ವಾಪಸ್ ಕೊಡ್ತಾರಾ?" "ಕಳೆದ ಸೆಮಿಸ್ಟರ್ ಸಮರ, ಬಂದ್ ಅಂತ ಎಷ್ಟು ದಿನ ಕ್ಲಾಸ್ ಹೋಯ್ತು?" "ಇಂಗ್ಲಿಷ್ ಕಷ್ಟ ಆದವರಿಗೆ ಯಾರಾದರೂ ಹೇಳಿಕೊಡ್ತಾರಾ?" ಈ ಮೂರು ಸಾಕು. ಹೊಸ ಪದ್ಧತಿಯಲ್ಲಿ ಅಂಕದ ಮೂರನೇ ಒಂದು ಭಾಗದ ಹತ್ತಿರ ಇಂಟರ್ನಲ್‌ನಿಂದಲೇ ಬರುತ್ತದೆ. ಅದನ್ನು ಮೇಷ್ಟ್ರು ಹೇಗೆ ನಡೆಸುತ್ತಾರೆ ಎಂಬುದು ಅಂಕಪಟ್ಟಿಯಲ್ಲೂ ಕಾಣುತ್ತದೆ, ಕಲಿಕೆಯಲ್ಲೂ ಕಾಣುತ್ತದೆ.

ಹೆಣ್ಣುಮಕ್ಕಳ ಶೌಚಾಲಯ, ಕುಡಿಯುವ ನೀರು, ದೂರು ಕೇಳುವ ಸಮಿತಿಯ ಬೋರ್ಡ್, ಇವನ್ನೂ ನೋಡಿಕೊಂಡು ಬನ್ನಿ. ರ‍್ಯಾಗಿಂಗ್ ವಿರುದ್ಧ ಯುಜಿಸಿಯ ಸಹಾಯವಾಣಿ 1800-180-5522 ಎಂಬುದು ಮಕ್ಕಳ ಫೋನಿನಲ್ಲಿ ಇರಲಿ.

ಆರನೇ ಹೆಜ್ಜೆ: ಭಾಷೆಯ ವಿಷಯ ಸ್ಪಷ್ಟ ಮಾಡಿಕೊಳ್ಳಿ

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಪ್ಲಸ್ ಟುವಿನಲ್ಲಿ ಇಂಗ್ಲಿಷಿಗೆ ಬಂದು ಏದುಸಿರು ಬಿಡುತ್ತಾ ಡಿಗ್ರಿಗೆ ಬರುತ್ತದೆ. ಡಿಗ್ರಿಯಲ್ಲಿ ಪುಸ್ತಕ, ಪ್ರಶ್ನೆಪತ್ರಿಕೆ ಇಂಗ್ಲಿಷ್. ತರಗತಿಯಲ್ಲಿ ಬಿಡಿಸಿ ಹೇಳುವುದು ಎಷ್ಟೋ ಕಡೆ ಮಲಯಾಳದಲ್ಲಿ. ಹೀಗೆ ನಮ್ಮ ಮಕ್ಕಳಿಗೆ ಎರಡು ಹೊರೆ. ಬುದ್ಧಿವಂತ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಮೌನವಾಗಿಬಿಡುವುದು ಇದೇ ಕಾರಣಕ್ಕೆ. ಇದನ್ನು ಯೋಚಿಸುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ, ಯಾಕೆಂದರೆ ಮನೆಯವರು ಅದನ್ನು ಓದಿನಲ್ಲಿ ಹಿಂದೆ ಎಂದು ತಿಳಿದುಬಿಡುತ್ತಾರೆ.

ಹಾಗಾಗಿ ಮೂರು ವಿಷಯ ಖಚಿತ ಮಾಡಿಕೊಳ್ಳಿ. ಎರಡನೇ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಲು ಆ ಕಾಲೇಜಿನಲ್ಲಿ ಅವಕಾಶ ಇದೆಯಾ? ಚಂದ್ರಗಿರಿ ಹೊಳೆಯಿಂದ ದಕ್ಷಿಣಕ್ಕೆ ಹೋದಷ್ಟೂ ಇದನ್ನು ಕೇಳಲೇಬೇಕು. ಕನ್ನಡ ಬಲ್ಲ ಅಧ್ಯಾಪಕರು ಬೇರೆ ವಿಭಾಗಗಳಲ್ಲಿ ಒಬ್ಬರಾದರೂ ಇದ್ದಾರಾ? ಮಲಯಾಳ ಬಾರದ ಮಗುವಿಗೆ ತರಗತಿಯಲ್ಲಿ ಇಂಗ್ಲಿಷಿನಲ್ಲಾದರೂ ಮತ್ತೊಮ್ಮೆ ಹೇಳುತ್ತಾರಾ?

ಹಾಗೆಂದು ಮಲಯಾಳಕ್ಕೆ ಹೆದರಿ ಓಡುವುದು ಬೇಡ. ಮಂಜೇಶ್ವರದ ಮಗು ರಾಜಪುರದಲ್ಲಿ ಓದಿದರೆ ಎರಡು ವರ್ಷಕ್ಕೆ ಸಲೀಸಾಗಿ ಮಾತಾಡುತ್ತದೆ. ಮುಂದೆ ಪಿಎಸ್‌ಸಿ ಪರೀಕ್ಷೆಗೂ ಅದು ಆಗುತ್ತದೆ. ಕನ್ನಡವೇ ಮೇಜರ್ ಆದರೆ ಮಾತ್ರ ಕನ್ನಡ ವಿಭಾಗ ಗಟ್ಟಿ ಇರುವ ಕಡೆಗೇ ಹೋಗಿ. ಮುಂದೆ ಎಂ.ಎ. ಕನ್ನಡಕ್ಕೆ ವಿದ್ಯಾನಗರ ಇದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವೂ ದೂರ ಇಲ್ಲ.

ಏಳನೇ ಹೆಜ್ಜೆ: ಜುಲೈ ಮಳೆಯಲ್ಲಿ ಹೋಗಿಬರುವ ಲೆಕ್ಕ ಹಾಕಿ

ಮನೆ ಬಾಗಿಲಿನಿಂದ ಕ್ಲಾಸ್ ಬಾಗಿಲಿನವರೆಗೆ ಎಷ್ಟು ಹೊತ್ತು? ಒಳ ಊರಿನಿಂದ ಹೊರಡುವ ಮೊದಲ ಬಸ್ ಯಾವಾಗ, ಸಂಜೆ ಕೊನೆಯದ್ದು ಯಾವಾಗ? ಬಸ್ ತಪ್ಪಿದರೆ ಮುಂದಿನದ್ದು ಎಷ್ಟು ಹೊತ್ತಿಗೆ? ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ದಾರಿಯಲ್ಲೇ ಹೋದರೆ ಓದಿಗೆ ಶಕ್ತಿ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಅಡಕೆ ಕೆಲಸಕ್ಕೆ ಕೈಜೋಡಿಸುವ ಮಕ್ಕಳಿಗಂತೂ ಇನ್ನೂ ಕಷ್ಟ.

ಮಂಗಳೂರು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ರೈಲು ಸ್ಟೇಷನ್ ಹತ್ತಿರ ಇರುವ ಉಪ್ಪಳ, ಕುಂಬಳೆಯವರಿಗೆ ಸೀಸನ್ ಟಿಕೆಟ್‌ನಲ್ಲಿ ಹೋಗಿಬರುವುದು ಸುಲಭ. ಅಡೂರು, ದೇಲಂಪಾಡಿಯವರಿಗೆ ಅದು ಆಗುವ ಮಾತಲ್ಲ. ಗಡಿ ದಾಟುವ ಓದಿಗೆ ಇನ್ನೊಂದು ಅಪಾಯವೂ ಇದೆ. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನೂ, 2021ರಲ್ಲಿ ಕೋವಿಡ್ ಟೆಸ್ಟ್ ಚೀಟಿ ಇಲ್ಲದೆ ತಲಪಾಡಿ ದಾಟಲು ಮಕ್ಕಳು ಪಟ್ಟ ಪಾಡನ್ನೂ ಇಲ್ಲಿನವರು ಮರೆತಿಲ್ಲ. ಅಂಥದ್ದು ದಿನಾ ಆಗುವುದಿಲ್ಲ, ಆದರೆ ತೂಕ ಹಾಕುವಾಗ ಸೇರಿಸಿಕೊಳ್ಳಿ.

ಹಣದ ಲೆಕ್ಕ ಬೇಗ ಮುಗಿಯುತ್ತದೆ. ಫೀಸು, ಬಸ್ಸು ಅಥವಾ ಹಾಸ್ಟೆಲ್, ಊಟ, ಪುಸ್ತಕ ಸೇರಿಸಿ ವರ್ಷದ ಮೊತ್ತ ಬರೆಯಿರಿ. ಕೇರಳದ ಕಾಲೇಜಿಗೆ ಸೇರಿದರೆ ಬಸ್ ಕನ್ಸೆಷನ್ ಸಿಗುತ್ತದೆ. ಅರ್ಹತೆ ಇರುವವರಿಗೆ ಕೇರಳ ಸರಕಾರದ ವಿದ್ಯಾರ್ಥಿ ಸಹಾಯಧನ ಇ-ಗ್ರಾಂಟ್ಸ್ ಇದೆ. ಪ್ಲಸ್ ಟುವಿನಲ್ಲಿ ಮೇಲಿನ 20 ಶೇಕಡಾ ಮಕ್ಕಳೊಳಗೆ ಬಂದವರು, ಮನೆಯ ವರ್ಷದ ಆದಾಯ 4.5 ಲಕ್ಷ ರೂಪಾಯಿಯೊಳಗೆ ಇದ್ದರೆ, ಕೇಂದ್ರ ಸರಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ.

ಎಂಟನೇ ಹೆಜ್ಜೆ: ಯಾರಿಗೆ ಬೇಡ ಎಂಬುದನ್ನೂ ಒಪ್ಪಿಕೊಳ್ಳಿ

ಮನೆಯಿಂದ, ಊರಿನ ಕಣ್ಣಿನಿಂದ ಸ್ವಲ್ಪ ದೂರ ಹೋಗಿ ಬೆಳೆಯಬೇಕು ಎಂದು ಮಗುವಿಗೆ ಬಲವಾಗಿ ಅನಿಸಿದರೆ ಅದಕ್ಕೆ ಬೆಲೆ ಕೊಡಿ. ಚಿಕ್ಕ ಕಾಲೇಜಿನಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ಕೆಲವರಿಗೆ ಅದು ಧೈರ್ಯ, ಕೆಲವರಿಗೆ ಉಸಿರುಗಟ್ಟುವಿಕೆ. ಮನಶ್ಶಾಸ್ತ್ರ, ಪತ್ರಿಕೋದ್ಯಮದಂಥ ವಿಷಯವೇ ಬೇಕೆನ್ನುವವರು ಅದು ಇರುವ ಕಡೆಗೇ ಹೋಗಬೇಕು. ಹತ್ತಿರ ಇದೆ ಎಂಬ ಒಂದೇ ಕಾರಣಕ್ಕೆ ಸುಮ್ನೆ ಬೇರೆ ವಿಷಯಕ್ಕೆ ಸೇರಿಸಬೇಡಿ.

ಒಂಬತ್ತನೇ ಹೆಜ್ಜೆ: ಆಪ್ಷನ್ ತುಂಬುವಾಗ ಪಕ್ಕದಲ್ಲೇ ಕೂತುಕೊಳ್ಳಿ

ಕಣ್ಣೂರು ವಿಶ್ವವಿದ್ಯಾಲಯದ ಪ್ರವೇಶ ಏಕಜಾಲಕದಲ್ಲಿ (ಹಲವು ಕಾಲೇಜಿಗೆ ಒಂದೇ ಅರ್ಜಿ), ಆನ್‌ಲೈನ್ ಮೂಲಕ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸುವವರು ಜಾಸ್ತಿ. ಆಪ್ಷನ್ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಕಾಲೇಜು ಮತ್ತು ಕೋರ್ಸ್ ಎರಡನ್ನೂ ಜೋಡಿಸಿ, ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕಿ. "ನಿನ್ನ ಮಾರ್ಕಿಗೆ ಅಲ್ಲಿ ಸಿಗುವುದಿಲ್ಲ" ಎಂದು ಯಾರೋ ಹೇಳಿದರೆಂದು ಇಷ್ಟದ್ದನ್ನು ಕೆಳಗೆ ಇಳಿಸಬೇಡಿ. ಒಂದು ಆಪ್ಷನ್ ಸಿಕ್ಕಿದರೆ ಅದರ ಕೆಳಗಿನವೆಲ್ಲ ರದ್ದಾಗುತ್ತವೆ. ಸಿಕ್ಕಿದ್ದೇ ಸಾಕು ಎನಿಸಿದರೆ ಮೇಲಿನ ಆಪ್ಷನ್‌ಗಳನ್ನು ನೀವೇ ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಅಲಾಟ್‌ಮೆಂಟಿನಲ್ಲಿ ಅಲ್ಲಿಗೆ ಹೋಗಬೇಕಾಗಬಹುದು. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿ ತುಂಬಿಸಲೆಂದು ಸೇರಿಸಲೇಬೇಡಿ. ಅನುದಾನಿತ ಕಾಲೇಜಿನ ಮ್ಯಾನೇಜ್‌ಮೆಂಟ್ ಮತ್ತು ಕಮ್ಯುನಿಟಿ ಕೋಟಾಕ್ಕೆ ಕಾಲೇಜಿನಲ್ಲೂ ಬೇರೆಯಾಗಿ ಅರ್ಜಿ ಕೊಡಬೇಕಾಗುತ್ತದೆ. ಅದರ ಕೊನೆಯ ದಿನವನ್ನು ಕಾಲೇಜಿಗೆ ಹೋದ ದಿನವೇ ಆಫೀಸಿನಲ್ಲಿ ಕೇಳಿ ಬರೆದುಕೊಳ್ಳಿ.